ಸ್ಕೂಬಾ ಇನ್‌ಸ್ಟ್ರಕ್ಟರ್ ಪರೀಕ್ಷೆ: ಒಳ್ಳೆ ಡೈವರ್‌ಗಳೇ ಎಡವೋದು ಎಲ್ಲಿ?

[ದೃಶ್ಯ: ಈಜುಕೊಳದ ತಳ. ಮೂವರು ವಿದ್ಯಾರ್ಥಿಗಳು ಸಾಲಾಗಿದ್ದಾರೆ. ನಡುವಿನವರು ರೆಗ್ಯುಲೇಟರ್ ಬಾಯಿಂದ ತೆಗೀತಾರೆ.]

ಈ ದೃಶ್ಯ ಸರಿಯಾಗಿ ನೋಡಿ. ರೆಗ್ಯುಲೇಟರ್, ಅಂದ್ರೆ ಸಿಲಿಂಡರಿನ ಗಾಳಿ ಉಸಿರಾಡೋಕೆ ಬಾಯಲ್ಲಿ ಇಟ್ಕೊಳ್ಳೋ ಸಾಧನ, ತೆಗೆದ್ರು, ಬಲಗೈ ಹಿಂದಕ್ಕೆ ಬೀಸಿ ಹೋಸ್ ಹಿಡಿದ್ರು, ಮತ್ತೆ ಬಾಯಿಗಿಟ್ರು, ಓಕೆ ಸನ್ನೆ ಮಾಡಿದ್ರು. ಎಲ್ಲ ಸರಿ ಇದೆ ಅನ್ಸುತ್ತೆ ಅಲ್ವಾ?

[ದೃಶ್ಯ: ಅದೇ ತುಣುಕು ನಿಧಾನಗತಿಯಲ್ಲಿ. ಬಾಯಿಯ ಸುತ್ತ ಕೆಂಪು ವೃತ್ತ.]

ಈಗ ಬಾಯಿ ಮಾತ್ರ ನೋಡಿ. ರೆಗ್ಯುಲೇಟರ್ ಹೊರಗಿದ್ದಷ್ಟು ಹೊತ್ತು ಒಂದೇ ಒಂದು ಗುಳ್ಳೆ ಬರಲಿಲ್ಲ. ಉಸಿರು ಬಿಗಿಹಿಡಿದಿದ್ರು. ತುಂಬಿದ ಶ್ವಾಸಕೋಶ ಇಟ್ಕೊಂಡು, ಉಸಿರು ಬಿಡದೆ ಒಂದೆರಡು ಮೀಟರ್ ಮೇಲೆದ್ರೂ ಒಳಗಿನ ಗಾಳಿ ಹಿಗ್ಗಿ ಗಾಯ ಮಾಡಬಹುದು. ಅದಕ್ಕೆ ಸಮುದ್ರವೇ ಬೇಕಂತಿಲ್ಲ, ಈಜುಕೊಳದ ಆಳ ಸಾಕು.

ಇನ್‌ಸ್ಟ್ರಕ್ಟರ್ ತರಬೇತಿ ಅಂದ್ರೆ ಬಹುಪಾಲು ಇಂಥದ್ದನ್ನ ನೋಡೋಕೆ ಕಣ್ಣು ಪಳಗಿಸೋದು. ಡೈವಿಂಗ್ ನಿಮಗೆ ಆಗಲೇ ಬರುತ್ತೆ ಅಂತ ಲೆಕ್ಕಕ್ಕೆ ಹಿಡಿದೇ ಒಳಗೆ ಸೇರಿಸ್ಕೊಳ್ತಾರೆ.

ನಾವು ಡೈವಿಂಗ್ ಕಲಿಸಿ ಸರ್ಟಿಫಿಕೇಟ್ ಕೊಡೋ ಪ್ಯಾಡಿ (PADI) ಸಂಸ್ಥೆಯ ದಾರಿ ಹಿಡಿದು ಹೇಳ್ತೀವಿ. ಎಸ್‌ಎಸ್‌ಐ, ಎನ್‌ಎಯುಐ, ಸಿಎಂಎಎಸ್ ಹೀಗೆ ಬೇರೆ ಸಂಸ್ಥೆಗಳೂ ಇವೆ. ಹೆಸರು, ಅಂಕ ಬದಲಾಗುತ್ತೆ, ಕೆಲಸದ ತಿರುಳು ಹೆಚ್ಚುಕಡಿಮೆ ಒಂದೇ.

[ಪರದೆ ಮೇಲೆ: ಓಪನ್ ವಾಟರ್ → ಅಡ್ವಾನ್ಸ್ಡ್ → ರೆಸ್ಕ್ಯೂ → ಡೈವ್‌ಮಾಸ್ಟರ್ → ಐಡಿಸಿ → ಐಇ]

ಮೊದಲ ಮೂರು ಮೆಟ್ಟಿಲು ಹವ್ಯಾಸಿಗಳದ್ದು. ಡೈವ್‌ಮಾಸ್ಟರ್‌ನಿಂದ ವೃತ್ತಿ ಶುರು. ಅದಕ್ಕೆ ಸೇರೋಕೆ 40 ಡೈವ್ ಲಾಗ್ (ದಾಖಲೆ) ಆಗಿರಬೇಕು, ಮುಗಿಸೋ ಹೊತ್ತಿಗೆ 60. ಇಲ್ಲಿ ದೇಹದ ಪರೀಕ್ಷೆಯೂ ಇದೆ: ಫಿನ್ (ಕಾಲಿಗೆ ಹಾಕೋ ರೆಕ್ಕೆ) ಥರದ ನೆರವು ಏನೂ ಇಲ್ಲದೆ 400 ಮೀಟರ್ ಈಜು, ಮಾಸ್ಕ್, ಸ್ನಾರ್ಕೆಲ್ (ಉಸಿರುಕೊಳವೆ), ಫಿನ್ ಹಾಕಿ 800 ಮೀಟರ್, 15 ನಿಮಿಷ ನಿಂತಲ್ಲೇ ತೇಲೋದು, ನಿತ್ರಾಣ ಆದ ಡೈವರ್‌ನ 100 ಮೀಟರ್ ಎಳೆದು ತರೋದು. ತೇಲೋದ್ರಲ್ಲಿ ಕೊನೆಯ 2 ನಿಮಿಷ ಕೈ ನೀರಿಂದ ಮೇಲಿರಬೇಕು. ತುಂಬ ಜನ ಅದನ್ನ ಅಭ್ಯಾಸವೇ ಮಾಡ್ದೆ ಬಂದು ಅಲ್ಲೇ ಒದ್ದಾಡ್ತಾರೆ.

ಆಮೇಲೆ ಐಡಿಸಿ, ಅಂದ್ರೆ ಇನ್‌ಸ್ಟ್ರಕ್ಟರ್ ಡೆವಲಪ್‌ಮೆಂಟ್ ಕೋರ್ಸ್. ವಯಸ್ಸು ಕನಿಷ್ಠ 18. ಡೈವರ್ ಆಗಿ ಕನಿಷ್ಠ 6 ತಿಂಗಳು ಕಳೆದಿರಬೇಕು. 12 ತಿಂಗಳ ಒಳಗಿನ ವೈದ್ಯರ ಸರ್ಟಿಫಿಕೇಟ್ ಬೇಕು, 24 ತಿಂಗಳ ಒಳಗೆ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ ಆಗಿರಬೇಕು. ಕೋರ್ಸಿಗೆ 60 ಡೈವ್ ಸಾಕು, ಐಇಗೆ, ಅಂದ್ರೆ ಇನ್‌ಸ್ಟ್ರಕ್ಟರ್ ಪರೀಕ್ಷೆಗೆ ಕೂರೋಕೆ 100. ನಡುವಿನ ಈ 40 ಡೈವ್‌ಗಳನ್ನ ಲೆಕ್ಕ ತುಂಬಿಸೋಕೆ ಒಂದೇ ಜಾಗದಲ್ಲಿ ಅರ್ಧರ್ಧ ಗಂಟೆ ಮುಳುಗಿ ಮುಗಿಸಬೇಡಿ. ಮಬ್ಬು ನೀರು, ಸೆಳೆತ ಇರೋ ನೀರು, ತಣ್ಣೀರು ಇವನ್ನೆಲ್ಲ ನೋಡಿಬನ್ನಿ. ಪಾಠ ಹೇಳುವಾಗ ನಿಮ್ಮ ತೇಲುವಿಕೆ ಬಗ್ಗೆ ಯೋಚಿಸೋಕೆ ತಲೆಯಲ್ಲಿ ಜಾಗವೇ ಇರಲ್ಲ.

ಕೋರ್ಸ್ ನಡೆಸೋರು ಕೋರ್ಸ್ ಡೈರೆಕ್ಟರ್. ಪರೀಕ್ಷೆ ತಗೊಳ್ಳೋರು ಬೇರೆ, ಸಂಸ್ಥೆಯೇ ಕಳಿಸೋ ಎಕ್ಸಾಮಿನರ್. ಕಲಿಸಿದವರೇ ಪಾಸ್ ಮಾಡಿಬಿಡ್ತಾರೆ ಅನ್ನೋ ಆಸೆ ಇಟ್ಕೋಬೇಡಿ.

[ದೃಶ್ಯ: ಬಿಳಿ ಹಲಗೆ, ಲೆಕ್ಕ ಬರೆಯುತ್ತಿರುವ ಕೈ]

ಥಿಯರಿ ಐದು ಭಾಗ: ಭೌತಶಾಸ್ತ್ರ, ಶರೀರಶಾಸ್ತ್ರ, ಉಪಕರಣ, ಕೌಶಲ ಮತ್ತು ಪರಿಸರ, ಡೈವ್ ಟೇಬಲ್ (ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅನ್ನೋ ಕೋಷ್ಟಕ). ಪ್ರತಿಯೊಂದರಲ್ಲೂ 75% ಬೇಕು. ಇದರ ಜೊತೆ ನಿಯಮಗಳ ಪತ್ರಿಕೆ ಬೇರೆ. ಅದನ್ನ ಪುಸ್ತಕ ತೆರೆದಿಟ್ಟೇ ಬರೀಬಹುದು, ಅದಕ್ಕೇ ಪುಸ್ತಕದಲ್ಲಿ ಯಾವುದು ಎಲ್ಲಿದೆ ಅಂತ ಬೆರಳಿಗೆ ಗೊತ್ತಿರಬೇಕು.

ಭೌತಶಾಸ್ತ್ರದಲ್ಲಿ ಕೈ ಕೊಡೋ ಲೆಕ್ಕ ಒಂದು ನೋಡೋಣ. ಸಮುದ್ರದಲ್ಲಿ 30 ಮೀಟರ್ ಆಳದಲ್ಲಿ ಒಂದು ವಸ್ತು ಬಿದ್ದಿದೆ. ತೂಕ 206 ಕೆಜಿ, ಅದು ಪಕ್ಕಕ್ಕೆ ಸರಿಸಿರೋ ನೀರು 100 ಲೀಟರ್. ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ನಿಲ್ಲಬೇಕಾದ್ರೆ ಲಿಫ್ಟ್ ಬ್ಯಾಗಿಗೆ (ಭಾರ ಮೇಲೆತ್ತೋ ಗಾಳಿಚೀಲಕ್ಕೆ) ಎಷ್ಟು ಗಾಳಿ ತುಂಬಬೇಕು?

ಒಂದು ಲೀಟರ್ ಸಮುದ್ರದ ನೀರು 1.03 ಕೆಜಿ. 100 ಲೀಟರ್ ಅಂದ್ರೆ 103 ಕೆಜಿಯಷ್ಟು ಭಾರವನ್ನ ನೀರೇ ಹೊರ್ತಾ ಇದೆ. ಉಳಿದಿದ್ದು 103 ಕೆಜಿ. ಅದನ್ನ 1.03ರಿಂದ ಭಾಗಿಸಿ, 100 ಲೀಟರ್. ಉತ್ತರ ಮುಗೀತು. ಆದ್ರೆ ಜನ ಎರಡು ಕಡೆ ಜಾರ್ತಾರೆ. ಒಂದು, ನೀರು ಆಗಲೇ ಹೊರ್ತಿರೋ ಭಾರ ಕಳೆಯೋದೇ ಮರೆತು 206ನ್ನೇ ಭಾಗಿಸ್ತಾರೆ. ಎರಡು, ಆಳ ಕಂಡ ತಕ್ಷಣ ಒತ್ತಡದಿಂದ ಗುಣಿಸ್ತಾರೆ. ಬ್ಯಾಗಿನೊಳಗೆ ಬೇಕಾದ ಜಾಗ 100 ಲೀಟರೇ. ಅದೇ ಗಾಳಿ ಮೇಲ್ಮೈಯಲ್ಲಿ ಎಷ್ಟಾಗುತ್ತೆ ಅಂತ ಕೇಳಿದ್ರೆ ಮಾತ್ರ 4 ಬಾರ್ (ಆ ಆಳದ ಒತ್ತಡ, ಮೇಲ್ಮೈಯದ್ದಕ್ಕೆ ನಾಲ್ಕು ಪಟ್ಟು) ಲೆಕ್ಕ, 400 ಲೀಟರ್.

[ದೃಶ್ಯ: ಮತ್ತೆ ಈಜುಕೊಳ]

ಈಗ ಅಸಲಿ ವಿಷಯಕ್ಕೆ ಬರೋಣ: ಈಜುಕೊಳದ ಪಾಠ. ನಿಮಗೆ ಒಂದು ಕೌಶಲ ಕೊಡ್ತಾರೆ. ಬ್ರೀಫಿಂಗ್ ಮಾಡಬೇಕು, ಮಾಡಿ ತೋರಿಸಬೇಕು, ವಿದ್ಯಾರ್ಥಿಗಳ ಕೈಲಿ ಮಾಡಿಸಬೇಕು, ತಪ್ಪು ತಿದ್ದಬೇಕು, ಮೇಲೆ ಬಂದು ಡಿಬ್ರೀಫ್ ಮಾಡಬೇಕು. 5ಕ್ಕೆ ಕನಿಷ್ಠ 3.4 ಬರಬೇಕು. ತರಗತಿ ಪಾಠಕ್ಕಾದ್ರೆ 3.5.

ವಿದ್ಯಾರ್ಥಿಗಳು ಅಂದ್ರೆ ನಿಮ್ಮ ಜೊತೆ ಪರೀಕ್ಷೆಗೆ ಬಂದವರೇ. ಯಾರು ಯಾವ ತಪ್ಪು ಮಾಡಬೇಕು ಅಂತ ಎಕ್ಸಾಮಿನರ್ ಅವರಿಗೆ ಮೊದಲೇ ಗುಟ್ಟಾಗಿ ಹೇಳಿರ್ತಾರೆ.

ಮಾಸ್ಕ್ ನೀರು ತೆಗೆಯೋ ಕೌಶಲ ತಗೊಳ್ಳಿ. ಮಾಸ್ಕಿನ ಮೇಲಂಚು ಒತ್ತಿ, ತಲೆ ಸ್ವಲ್ಪ ಮೇಲೆತ್ತಿ, ಮೂಗಿಂದ ಗಾಳಿ ಬಿಡಬೇಕು. ವಿದ್ಯಾರ್ಥಿ ಕೆಳಗೆ ನೋಡ್ತಾ ಬಿಟ್ರೆ ಗಾಳಿ ಮೇಲಂಚಿಂದ ಹೊರಟುಹೋಗುತ್ತೆ, ನೀರು ಅಲ್ಲೇ ಉಳಿಯುತ್ತೆ. ಬಾಯಿಂದ ಬಿಟ್ರೆ ರೆಗ್ಯುಲೇಟರಿಂದ ಗುಳ್ಳೆ ಬರುತ್ತೆ, ಮಾಸ್ಕ್ ಒಳಗೆ ಏನೂ ಆಗಲ್ಲ. ಎರಡರಲ್ಲೂ ಕಾಣೋದು ಒಂದೇ: ಮಾಸ್ಕ್ ತುಂಬ ನೀರು. ಕಾರಣ ಬೇರೆ ಬೇರೆ. ನೀವು ಸುಮ್ಮನೆ "ಮತ್ತೆ ಮಾಡು" ಅಂತ ಸನ್ನೆ ಮಾಡಿದ್ರೆ ಅವರು ಅದೇ ತಪ್ಪು ಮತ್ತೆ ಮಾಡ್ತಾರೆ. ಕಾರಣ ಹಿಡಿದು, ಆ ಒಂದು ಹೆಜ್ಜೆ ಮಾತ್ರ ಮಾಡಿ ತೋರಿಸಿ, ಆಮೇಲೆ ಮಾಡಿಸಬೇಕು.

ಇನ್ನೊಂದು ದೊಡ್ಡ ಗುಂಡಿ ಇದೆ. ಒಬ್ಬರು ತಪ್ಪು ಮಾಡಿದ್ರು, ನೀವು ತಿದ್ದಿದ್ರಿ, ಸಮಾಧಾನ ಆಯ್ತು. ಆ ಸಮಾಧಾನದಲ್ಲಿ ಪಕ್ಕದವರ ತಪ್ಪು ಕಣ್ಣಿಗೇ ಬೀಳಲ್ಲ. ಕೈ ಒಬ್ಬರ ಮೇಲಿದ್ರೂ ಕಣ್ಣು ಸಾಲಿನ ಉದ್ದಕ್ಕೂ ಓಡ್ತಾ ಇರಬೇಕು. ಯಾರಿಗೂ ಬೆನ್ನು ತಿರುಗಿಸೋ ಹಾಗಿಲ್ಲ.

ಮಾಡಿ ತೋರಿಸೋದ್ರ ಬಗ್ಗೆ ಒಂದು ಮಾತು: ನಿಧಾನವಾಗಿ, ಉತ್ಪ್ರೇಕ್ಷೆ ಮಾಡಿ ತೋರಿಸಿ. ನೂರಾರು ಡೈವ್ ಮಾಡಿದವರಿಗೆ ಇದೇ ಕಷ್ಟ. ಅವರು ಮಾಸ್ಕನ್ನ ಎರಡು ಸೆಕೆಂಡಲ್ಲಿ ಖಾಲಿ ಮಾಡಿಬಿಡ್ತಾರೆ, ಹೊಸಬರಿಗೆ ಏನು ನಡೀತು ಅಂತಲೇ ಗೊತ್ತಾಗಲ್ಲ.

[ದೃಶ್ಯ: ತೇಲುಬುರುಡೆಯಿಂದ ಇಳಿಬಿಟ್ಟ ಹಗ್ಗ. ಇಬ್ಬರು ಮೇಲೇರುತ್ತಿದ್ದಾರೆ.]

ಇದು ಸೀಸಾ (CESA), ಅಂದ್ರೆ ಗಾಳಿ ಖಾಲಿ ಆದಾಗ ಮಾಡೋ ತುರ್ತು ಮೇಲೇರಿಕೆ. ಕೋರ್ಸಲ್ಲಿ ಅತಿ ಎಚ್ಚರಿಕೆಯಿಂದ ಮಾಡಬೇಕಾದ್ದು ಇದೇ. 6ರಿಂದ 9 ಮೀಟರ್ ಆಳದಿಂದ ವಿದ್ಯಾರ್ಥಿ ಒಂದೇ ಉಸಿರಲ್ಲಿ, "ಆ..." ಅಂತ ಸದ್ದು ಮಾಡ್ತಾ ಗಾಳಿ ಬಿಡ್ತಾ ಮೇಲೆ ಬರಬೇಕು. ರೆಗ್ಯುಲೇಟರ್ ಬಾಯಲ್ಲೇ ಇರಬೇಕು. ವೇಗ ನಿಮಿಷಕ್ಕೆ 18 ಮೀಟರ್ ಮೀರಬಾರದು, ಅಂದ್ರೆ 9 ಮೀಟರಿಗೆ ಕನಿಷ್ಠ 30 ಸೆಕೆಂಡ್. ಮೇಲೆ ಬಂದ ಮೇಲೆ ಬಿಸಿಡಿಗೆ (ತೇಲೋಕೆ ಗಾಳಿ ತುಂಬೋ ಜಾಕೆಟ್‌ಗೆ) ಬಾಯಿಂದ ಗಾಳಿ ಊದಬೇಕು, ಯಾಕಂದ್ರೆ ಸಿಲಿಂಡರ್ ಖಾಲಿ ಅಂತ ಲೆಕ್ಕ.

ನಿಮ್ಮ ಒಂದು ಕೈ ಹಗ್ಗದ ಮೇಲೆ, ಇನ್ನೊಂದು ವಿದ್ಯಾರ್ಥಿಯ ಬಿಸಿಡಿ ಮೇಲೆ. ಸದ್ದು ನಿಂತ್ರೆ, ಗುಳ್ಳೆ ನಿಂತ್ರೆ, ವೇಗ ಜಾಸ್ತಿ ಆದ್ರೆ ಹಗ್ಗ ಬಿಗಿ ಹಿಡಿದು ಅಲ್ಲೇ ನಿಲ್ಲಿಸಬೇಕು. ಹಗ್ಗ ಗಟ್ಟಿ ಕಟ್ಟಿಲ್ಲದಿದ್ರೆ ಇಬ್ಬರೂ ಹಗ್ಗದ ಸಮೇತ ಮೇಲೆ ಹೋಗ್ತೀರಿ, ಅದಕ್ಕೇ ಶುರು ಮಾಡೋಕೆ ಮುಂಚೆ ಒಮ್ಮೆ ಜೋರಾಗಿ ಎಳೆದು ನೋಡಿ. ಒಂದು ಸಲಕ್ಕೆ ಒಬ್ಬರು ಮಾತ್ರ. ವಿದ್ಯಾರ್ಥಿ ಒಂದು ಸಲ ಏರಿದ್ರೆ, ನಾಲ್ವರ ಗುಂಪಿಗೆ ನೀವು ನಾಲ್ಕು ಸಲ ಏರಿ ಇಳೀತೀರಿ. ಕಿವಿಗೂ ದೇಹಕ್ಕೂ ಅದು ಹೊರೆ. ನೆಗಡಿ ಇದ್ದ ದಿನ ಈ ಪಾಠ ಬೇಡ.

ರೆಸ್ಕ್ಯೂ ಪರೀಕ್ಷೆಯಲ್ಲಿ ಪ್ರಜ್ಞೆ ಇಲ್ಲದ, ಉಸಿರಾಡದ ಡೈವರ್‌ಗೆ 5 ಸೆಕೆಂಡಿಗೊಂದು ಉಸಿರು ಕೊಡ್ತಾ, ಎಳೀತಾ, ಇಬ್ಬರ ಉಪಕರಣವನ್ನೂ ಕಳಚಬೇಕು. ಬಕಲ್ ಹತ್ತಿರ ಕೈ ಸಿಕ್ಕಿಕೊಂಡಾಗ ಎಣಿಕೆ ತಪ್ಪುತ್ತೆ. ಉಪಾಯ ಇಷ್ಟೇ: ಎರಡು ಉಸಿರಿನ ನಡುವೆ ಒಂದೇ ಕೆಲಸ. ಒಂದು ಬಕಲ್, ಉಸಿರು. ಇನ್ನೊಂದು ಬಕಲ್, ಉಸಿರು. ಬಕಲ್ ಬಿಚ್ಚಲಿಲ್ಲ ಅಂದ್ರೆ ಅದನ್ನ ಬಿಟ್ಟು ಉಸಿರು ಕೊಡಿ, ಆಮೇಲೆ ಮತ್ತೆ ಕೈ ಹಾಕಿ. ಮುಖಕ್ಕೆ ನೀರು ನುಗ್ಗಬಾರದು.

ಪಾಸ್ ಆದ್ಮೇಲೆ? ಪ್ರಥಮ ಚಿಕಿತ್ಸೆ ಇನ್‌ಸ್ಟ್ರಕ್ಟರ್ ಅರ್ಹತೆಯೂ ಇದ್ರೆ ಓಪನ್ ವಾಟರ್ ಸ್ಕೂಬಾ ಇನ್‌ಸ್ಟ್ರಕ್ಟರ್ ಪಟ್ಟ ಸಿಗುತ್ತೆ. ಸದಸ್ಯತ್ವ ವರ್ಷಾ ವರ್ಷ ನವೀಕರಿಸಬೇಕು, ಇಲ್ಲದಿದ್ರೆ ಕಲಿಸೋ ಹಾಗಿಲ್ಲ.

ಓಪನ್ ವಾಟರ್ ಕೋರ್ಸಿನ ಸಮುದ್ರದ ಡೈವ್‌ಗಳಲ್ಲಿ ಒಬ್ಬ ಇನ್‌ಸ್ಟ್ರಕ್ಟರಿಗೆ 8 ವಿದ್ಯಾರ್ಥಿಗಳು ಅಂತ ನಿಯಮ ಹೇಳುತ್ತೆ. ಅದು ತಿಳಿನೀರಿನ, ಅಲೆ ಇಲ್ಲದ ದಿನದ ಗರಿಷ್ಠ ಮಿತಿ. ಮೊದಲ ಕೆಲವು ಕೋರ್ಸಿಗೆ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಡೈವ್‌ಮಾಸ್ಟರ್ ಸಾಕು. ಸಾಲಿನ ಕೊನೆಯವರ ಗುಳ್ಳೆ ನಿಮಗೆ ಕಾಣಿಸ್ತಿಲ್ಲ ಅಂದ್ರೆ ಆ ದಿನಕ್ಕೆ ಗುಂಪು ದೊಡ್ಡದಾಯ್ತು ಅಂತಲೇ ಲೆಕ್ಕ.

[ದೃಶ್ಯ: ಮೊದಲ ತುಣುಕು ಮತ್ತೆ. ಈ ಸಲ ನಡುವಿನವರ ಬಾಯಿಂದ ಸಣ್ಣ ಗುಳ್ಳೆಗಳ ಸಾಲು.]