ಧಾರವಾಡಕ್ಕೆ ಬಂದವರು

ಕೇಳುಗರಿಗೆ ನಮಸ್ಕಾರ.

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಕವಿಯ ಮನೆಯ ಮೇಲೇ ಬೀಳುತ್ತದೆ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದಕ್ಕೆ ಆ ಮಣ್ಣಿನ ಗುಣ, ಆ ಮಳೆಯ ಗುಣ ಎಂದು ಕಾರಣ ಹೇಳುವುದೂ ರೂಢಿ. ಮಳೆ ಬೆಳಗಾವಿಯಲ್ಲೂ ಸುರಿಯುತ್ತದೆ, ಕೆಂಪು ಮಣ್ಣು ಶಿರಸಿಯಲ್ಲೂ ಇದೆ. ಆದ್ದರಿಂದ ಇವತ್ತು ಮಣ್ಣು, ಮಳೆ ಬಿಡೋಣ. ಈ ಊರಿನ ಹೆಸರು ಬೆಳಗಿಸಿದವರು ಎಲ್ಲಿ ಹುಟ್ಟಿದರು, ಇಲ್ಲಿಗೆ ಯಾಕೆ ಬಂದರು, ಬಂದ ಮೇಲೆ ಅವರ ಹೊಟ್ಟೆಪಾಡು ಹೇಗೆ ನಡೆಯಿತು ಎಂಬುದನ್ನು ನೋಡೋಣ.

ದ. ರಾ. ಬೇಂದ್ರೆ 1896ರಲ್ಲಿ ಧಾರವಾಡದಲ್ಲೇ ಹುಟ್ಟಿದವರು. ಗಂಗೂಬಾಯಿ ಹಾನಗಲ್ಲರೂ ಅಷ್ಟೆ, 1913ರಲ್ಲಿ. ಅವರನ್ನು ಬಿಟ್ಟು ಮುಂದೆ ಹೋದರೆ ಪಟ್ಟಿ ಊರಿನ ಹೊರಗೆ ನಡೆಯುತ್ತದೆ. ವಿ. ಕೃ. ಗೋಕಾಕರು ಸವಣೂರಿನವರು. ನಾಟಕಕಾರ ಶ್ರೀರಂಗರು ವಿಜಯಪುರ ಸೀಮೆಯ ಅಗರಖೇಡದವರು. ಪ್ರಕಾಶಕ ಜಿ. ಬಿ. ಜೋಶಿ, ಕವಿ ಚೆನ್ನವೀರ ಕಣವಿ ಇಬ್ಬರೂ ಗದಗಿನ ಹತ್ತಿರದ ಹೊಂಬಳದವರು. ಹಿಂದೂಸ್ತಾನಿ ಗಾಯಕರಲ್ಲಿ ಮಲ್ಲಿಕಾರ್ಜುನ ಮನಸೂರರು ಹತ್ತಿರದ ಮನಸೂರು ಎಂಬ ಹಳ್ಳಿಯವರು, ಬಸವರಾಜ ರಾಜಗುರು ಯಲಿವಾಳದವರು. ಗಿರೀಶ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಹೆಚ್ಚಿನವರು ಇಲ್ಲಿಗೆ ಬಂದವರು, ಬಂದು ನೆಲೆ ಕಂಡವರು. ಧಾರವಾಡದ ಹೆಚ್ಚುಗಾರಿಕೆ ಅದರಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಬಂದವರು ಮಾಸ್ತರರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಮುಂಬಯಿ ಪ್ರಾಂತದ ಒಂದು ಜಿಲ್ಲೆ. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯೂಟಿ ಚನ್ನಬಸಪ್ಪನವರಂಥ ಶಿಕ್ಷಣ ಇಲಾಖೆಯ ಅಧಿಕಾರಿಗಳು ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದರು. ಶಾಲೆ ತೆರೆದರೆ ಮಾಸ್ತರರು ಬೇಕು, ಮಾಸ್ತರರಿಗೆ ತರಬೇತಿ ಬೇಕು, ತರಬೇತಿಗೆ ಪುಸ್ತಕ ಬೇಕು. ಹೀಗೆ ಟ್ರೇನಿಂಗ್ ಕಾಲೇಜಿನ ಸುತ್ತ ಕನ್ನಡದಲ್ಲಿ ಬರೆಯಬಲ್ಲ, ತಿಂಗಳ ಸಂಬಳ ಇರುವ ಒಂದು ವರ್ಗವೇ ಹುಟ್ಟಿತು. ಚನ್ನಬಸಪ್ಪನವರೇ ಷೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನು ಕನ್ನಡಕ್ಕೆ ತಂದರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಆರಂಭವಾಯಿತು. 1896ರಿಂದ ಸಂಘದ ಮಾಸಪತ್ರಿಕೆ 'ವಾಗ್ಭೂಷಣ' ಹೊರಬಂದಿತು. ಬರೆದದ್ದನ್ನು ಅಚ್ಚು ಮಾಡುವ ಜಾಗ ಊರಲ್ಲೇ ಇದ್ದರೆ ಬರೆಯುವ ಕೈ ಹೇಗೆ ಚುರುಕಾಗುತ್ತದೆ ಎಂಬುದನ್ನು ಪತ್ರಿಕೆ ನಡೆಸಿದ ಯಾರನ್ನಾದರೂ ಕೇಳಿ ನೋಡಿ.

ಆದರೆ ಒಂದು ಕೊರತೆ ಉಳಿದಿತ್ತು. ಪದವಿ ಬೇಕೆಂದರೆ ಹುಡುಗರು ಪುಣೆಗೆ ಹೋಗಬೇಕಾಗಿತ್ತು. ಬೇಂದ್ರೆಯವರು ಓದಿದ್ದೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲೇ. 1917ರಲ್ಲಿ ಕರ್ನಾಟಕ ಕಾಲೇಜು ತೆರೆದ ಮೇಲೆ ಗಾಳಿ ತಿರುಗಿತು. ಗೋಕಾಕರ ತಲೆಮಾರು ಇಲ್ಲೇ ಓದಿತು; ಸಂಜೆ ಸಾಧನಕೇರಿಯ ಬೇಂದ್ರೆಯವರ ಮಾತಿನಲ್ಲಿ ಇನ್ನೊಂದು ಕಾಲೇಜನ್ನೇ ಕಂಡಿತು. ಗೆಳೆಯರ ಗುಂಪು ಕಟ್ಟಿದ್ದು ಆ ದಿನಗಳಲ್ಲಿ: ಬೇಂದ್ರೆ, ಶಂ. ಬಾ. ಜೋಶಿ, ಆನಂದಕಂದ, ಮಧುರಚೆನ್ನ, ಗೋಕಾಕ, ರಂ. ಶ್ರೀ. ಮುಗಳಿ, 'ಎನ್ಕೆ' ಎಂದೇ ಹೆಸರಾದ ಎನ್. ಕೆ. ಕುಲಕರ್ಣಿ. ಕವಿತೆ ಓದುವುದು, ಅಲ್ಲೇ ಅದನ್ನು ಜಗ್ಗಾಡಿ ನೋಡುವುದು, ಗೆದ್ದದ್ದನ್ನು ಪತ್ರಿಕೆಗೆ ಕೊಡುವುದು. ಆಲೂರು ವೆಂಕಟರಾಯರು ಆರಂಭಿಸಿದ 'ಜಯಕರ್ನಾಟಕ' ಕೈಗೆಟುಕುವ ದೂರದಲ್ಲೇ ಇತ್ತು.

ಇಷ್ಟೆಲ್ಲ ಇದ್ದೂ ಊರು ತನ್ನ ದೊಡ್ಡ ಕವಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಇದನ್ನು ಧಾರವಾಡದ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ, ನಾನು ದಾಟಲಾರೆ. 'ನರಬಲಿ' ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ 1932ರಲ್ಲಿ ಬೇಂದ್ರೆಯವರನ್ನು ಸೆರೆಗೆ ಹಾಕಿತು. ಹಿಂಡಲಗಾ ಜೈಲು ಮುಗಿದ ಮೇಲೆ ಮುಗದ ಎಂಬ ಹಳ್ಳಿಯಲ್ಲಿ ನಿಗಾ. ಮಾಸ್ತರಿಕೆ ಹೋಯಿತು. ಮುಂದೆ ವರ್ಷಗಟ್ಟಲೆ ಗಟ್ಟಿಯಾದ ನೌಕರಿ ಸಿಗಲಿಲ್ಲ. ಕೊನೆಗೆ 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಕಲಿಸಲು ಹೋದರು, 1956ರವರೆಗೆ ಅಲ್ಲಿದ್ದರು. ಗೆಳೆಯರಿದ್ದರು, ಪತ್ರಿಕೆಗಳಿದ್ದವು, ಕೇಳುವ ಕಿವಿಗಳಿದ್ದವು. ಇಲ್ಲದ್ದು ಸಂಬಳ ಒಂದೇ.

ಅವರನ್ನು ವಾಪಸು ತಂದದ್ದೂ ಒಂದು ಹುದ್ದೆಯೇ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಗಿತ್ತು. 1956ರಲ್ಲಿ ಬೇಂದ್ರೆ ಅದರ ಸಲಹೆಗಾರರಾಗಿ ಬಂದರು. ಎನ್ಕೆಯವರೂ ಅಲ್ಲಿ ಕೆಲಸ ಮಾಡಿದರು. ಬಾನುಲಿ ನಿಲಯ ಒಂದು ಊರಿಗೆ ಏನು ಕೊಡುತ್ತದೆ ಎಂಬುದನ್ನು ನಾವು ಸರಿಯಾಗಿ ಲೆಕ್ಕ ಹಾಕಿಲ್ಲ. ನಿತ್ಯ ಪ್ರಸಾರಕ್ಕೆ ಹಾಡು ಬೇಕು, ನಾಟಕ ಬೇಕು, ಭಾಷಣ ಬೇಕು. ತಬಲಾ, ಸಾರಂಗಿ, ಪಿಟೀಲು ನುಡಿಸುವವರು ತಿಂಗಳ ವೇತನದ ಮೇಲೆ ಇರಬೇಕು. ಮೆಹಫಿಲ್ ಇಲ್ಲದ ಮಳೆಗಾಲದಲ್ಲೂ ಅವರ ಮನೆ ನಡೆಯುತ್ತದೆ. ಊರಿನ ಹೊಸ ಗಾಯಕನಿಗೆ ಒಳ್ಳೆಯ ಸಾಥಿ, ಅಂದರೆ ಪಕ್ಕವಾದ್ಯ, ಸಿಗುತ್ತದೆ. ಸಾಥಿಯಿಲ್ಲದೆ ಗಾಯಕ ಬೆಳೆಯುವುದಿಲ್ಲ. ತಬಲಾದ ಲಯ ಪಕ್ಕಾ ಇಲ್ಲದಿದ್ದರೆ ವಿಲಂಬಿತ್ ಎಂಬ ನಿಧಾನ ಲಯದಲ್ಲಿ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಹಿಡಿಯುವ ಧೈರ್ಯವೇ ಬರುವುದಿಲ್ಲ. ಆಕಾಶವಾಣಿ ಬಂದ 1950ರಲ್ಲೇ ಕರ್ನಾಟಕ ವಿಶ್ವವಿದ್ಯಾಲಯವೂ ಮುಂಬಯಿಯಿಂದ ಧಾರವಾಡಕ್ಕೆ ಬಂತು. ಅದರ ಪ್ರಕಟಣ ವಿಭಾಗವಾದ ಪ್ರಸಾರಾಂಗವನ್ನು ಕಣವಿಯವರು ದೀರ್ಘಕಾಲ ನಡೆಸಿದರು.

ಸಂಗೀತದ ದಾರಿ ಬೇರೆ. ಅದು ರೈಲಿನಲ್ಲಿ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹರಿಹರ ಒಂದೇ ಹಳಿಯಲ್ಲಿ ಕೂಡಿಕೊಂಡವು. ಉತ್ತರದ ಉಸ್ತಾದರನ್ನು ಮೈಸೂರು ಅರಮನೆ ಕರೆಸುತ್ತಿತ್ತು. ಹೋಗುವಾಗ ಬರುವಾಗ ಅವರು ಹುಬ್ಬಳ್ಳಿ, ಧಾರವಾಡಗಳಲ್ಲಿ ಇಳಿದು ಹಾಡಿದರು, ಕೆಲವರು ಪಾಠಕ್ಕೂ ನಿಂತರು. ಮರಾಠಿ ನಾಟಕ ಕಂಪನಿಗಳು ಅದೇ ಹಳಿಯ ಮೇಲೆ ಓಡಾಡಿ ರಾಗದಾರಿ ಹಾಡಿಗೆ ಊರಿನ ಕಿವಿಯನ್ನು ಹದ ಮಾಡಿದ್ದವು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಕುಂದಗೋಳದ ರಾಮಭಾವು ಎಂಬ ಹುಡುಗನಿಗೆ ಕಲಿಸಿದರು. ಆತನೇ ಸವಾಯಿ ಗಂಧರ್ವ. ಸವಾಯಿ ಗಂಧರ್ವರು ನಾಟಕ ರಂಗ ಬಿಟ್ಟು ಕುಂದಗೋಳದಲ್ಲಿ ನೆಲೆಸಿದ ಮೇಲೆ ಗದಗಿನ ಭೀಮಸೇನ ಜೋಶಿ ಅವರ ಮನೆಯಲ್ಲೇ ಉಳಿದು ಕಲಿತರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಹುಬ್ಬಳ್ಳಿಗೂ ಕುಂದಗೋಳಕ್ಕೂ ಸುಮಾರು 20 ಕಿಲೋಮೀಟರು. ಸಂಸಾರವಿದ್ದ ಹೆಣ್ಣುಮಗಳೊಬ್ಬಳು ಗುರುಕುಲ ಸೇರದೆಯೇ ಗುರುವಿನ ಪೂರ್ತಿ ವಿದ್ಯೆ ಪಡೆಯಲು ಸಾಧ್ಯವಾದದ್ದು ಆ ಸಣ್ಣ ದೂರದಿಂದ, ಆ ರೈಲಿನ ವೇಳೆಯಿಂದ. ತಂಬೂರಿಯೂ ಅದೇ ಹಳಿಯದು. ಒಣಗಿಸಿದ ಕುಂಬಳಬುರುಡೆಗಳಿಂದ ತಂಬೂರಿ, ಸಿತಾರ ಕಟ್ಟುವ ಕುಶಲಿಗರು ಮಿರಜಿನಲ್ಲಿದ್ದರು. ತಂತಿಗೆ ಝೇಂಕಾರ ಕೊಡುವ ಜವಾರಿ ಸರಿಯಿಲ್ಲದ, ಬಿರುಕು ಬಿಟ್ಟ ತಂಬೂರಿಯೊಂದಿಗೆ ಹಾಡಿದರೆ ಸ್ವರ ನಿಲ್ಲುವುದಿಲ್ಲ. ಅದನ್ನು ತಿದ್ದಬಲ್ಲ ಕೈ ಒಂದು ದಿನದ ಪಯಣದಲ್ಲಿ ಸಿಗುವುದು ಸಣ್ಣ ಸಂಗತಿಯಲ್ಲ.

ಮನಸೂರರದು ಇದೇ ದಾರಿಯ ಇನ್ನೊಂದು ಕವಲು. ನಾಟಕ ಕಂಪನಿಯ ಬಾಲನಟ, ಮಿರಜಿನ ನೀಲಕಂಠಬುವಾ ಅವರ ಶಿಷ್ಯ, ಆಮೇಲೆ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರಿಂದ ಜೈಪುರ ಅತ್ರೌಲಿ ಘರಾಣೆಯ ಗಾಯನಶೈಲಿ. ಕಲಿತದ್ದು ಹೊರಗೆ, ಬಾಳಿದ್ದು ಧಾರವಾಡದಲ್ಲಿ. ಅವರಿಗೂ ಧಾರವಾಡ ಆಕಾಶವಾಣಿಯಲ್ಲಿ ಸಲಹೆಗಾರರ ಹುದ್ದೆ ಇತ್ತು.

ಇನ್ನು ಪುಸ್ತಕದ ಮಾತು. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದರು. ಕ್ರಮ ಸರಳ: ಓದುಗರು ಚಂದಾ ಕಟ್ಟುತ್ತಾರೆ, ವರ್ಷದ ಪುಸ್ತಕಗಳು ಮನೆಗೆ ಬರುತ್ತವೆ. ಕಾಗದ, ಅಚ್ಚಿನ ಹಣ ಮೊದಲೇ ಕೈಗೆ ಬರುವುದರಿಂದ ಹೆಸರಿಲ್ಲದ ಲೇಖಕನನ್ನೂ ಪ್ರಕಟಿಸಬಹುದು. ಆದರೆ ಚಂದಾದಾರ ತನಗೆ ಬೇಕಾದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ, ಪ್ರಕಾಶಕನ ರುಚಿಯನ್ನು ನಂಬಿ ಹಣ ಕೊಟ್ಟಿರುತ್ತಾನೆ. ಸಾಲಾಗಿ ಎರಡು ಪುಸ್ತಕ ಜೊಳ್ಳಾದರೆ ಮರುವರ್ಷ ಚಂದಾ ಬರುವುದಿಲ್ಲ. ಇಂಥ ಮಾಲೆಗಳು ಸಾಯುವುದು ಹೀಗೆಯೇ. ಆ ರುಚಿ ಕಾಯಲು ಜೋಶಿಯವರು ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರನ್ನು ಸಲಹೆಗೆ ಇಟ್ಟುಕೊಂಡರು. ಸುಭಾಷ ರಸ್ತೆಯ ಮಾಳಿಗೆಯ ಆ ಕಚೇರಿಗೆ ಊರೆಲ್ಲ 'ಅಟ್ಟ' ಎಂದೇ ಹೆಸರು. ಅಲ್ಲಿ ಹಸ್ತಪ್ರತಿ ಓದುವುದು, ವಾದಿಸುವುದು, ತಿದ್ದಲು ಹೇಳಿ ಹಿಂದಿರುಗಿಸುವುದು ನಿತ್ಯದ ಕೆಲಸ.

1961ರಲ್ಲಿ ಇಪ್ಪತ್ಮೂರರ ತರುಣನ 'ಯಯಾತಿ' ನಾಟಕ ಈ ಮಾಲೆಯಲ್ಲಿ ಬಂದಾಗ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಅದನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಷಿಕಾಗೋದಲ್ಲಿ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ನರ ಮೊದಲ ಕನ್ನಡ ಕವನ ಸಂಕಲನ 1969ರಲ್ಲಿ ಬಂತು. ಅನಂತಮೂರ್ತಿ, ರಾಮಾನುಜನ್ ಇಬ್ಬರೂ ಧಾರವಾಡದವರಲ್ಲ. ಆ ಹೊತ್ತಿಗೆ ಈ ಊರಿಗೆ ಮನುಷ್ಯರೇ ಬರಬೇಕೆಂದಿರಲಿಲ್ಲ, ಹಸ್ತಪ್ರತಿ ಬಂದರೂ ಸಾಕಾಗಿತ್ತು. ಜೋಶಿಯವರ ನಂತರ ಮಗ ರಮಾಕಾಂತ ಜೋಶಿ, ಅವರ ಜೊತೆ ಮೊಮ್ಮಗ ಸಮೀರ ಜೋಶಿ ಮಾಲೆಯನ್ನು ಮುಂದುವರಿಸಿದರು.

ನಮಸ್ಕಾರ.