ಪೊಸಡಿ ಗುಂಪೆಯ ಎತ್ತರ ಮತ್ತು 5 ಸೆಂಟಿಮೀಟರ್

ನೀವು ನೋಡ್ತಾ ಇರುವುದು ಪೊಸಡಿ ಗುಂಪೆ, ನಮ್ಮ ಕಾಸರಗೋಡಿನ ಪೈವಳಿಕೆ ಕಡೆ. ಪಡುವಲಿಗೆ ಕಡಲು, ಮೂಡಲಿಗೆ ಘಟ್ಟ. ಈ ಗುಡ್ಡವನ್ನು ಮೇಲಿಂದ ಅಳೆಯುವುದು ಹೇಗೆ ಅಂತ ಇವತ್ತು ನೋಡುವ.

ಸೆಂಟಿನೆಲ್-1 ಅಂತ ಯುರೋಪಿನ ರೇಡಾರ್ ಉಪಗ್ರಹ ಉಂಟು. ಸುಮಾರು 693 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ, 12 ದಿನಕ್ಕೊಮ್ಮೆ ಅದೇ ದಾರಿಗೆ ಬರ್ತದೆ. ಎರಡು ಸಲದ ಅಲೆಗಳನ್ನು ತಾಳೆ ಹಾಕಿದರೆ ಬಣ್ಣದ ಪಟ್ಟಿಗಳು ಮೂಡ್ತವೆ, ಅವನ್ನು ಎಣಿಸಿ ಎತ್ತರ ತೆಗೆಯುವುದು. ಅದೇ ದಾರಿ ಅಂದೆನಲ್ಲ, ಪಕ್ಕಾ ಅದೇ ಅಲ್ಲ, ಹತ್ತಾರು ಮೀಟರ್ ಆಚೀಚೆ ಇರ್ತದೆ. ಆ ಅಂತರ ಇದ್ದರೇ ಎತ್ತರ ಸಿಗುವುದು, ನಮ್ಮ ಎರಡು ಕಣ್ಣಿನ ಹಾಗೆ. ಆದರೆ ಅದು ಎಷ್ಟು ಅಂತ ಸರಿಯಾಗಿ ಗೊತ್ತಿರಬೇಕು.

ತಾಪತ್ರಯ ಇರುವುದೇ ಅಲ್ಲಿ, ಮಾರಾಯ್ರೇ. ಅಲೆಯ ಉದ್ದ ಬರೀ 5.5 ಸೆಂ.ಮೀ. ಅಂತರ 100 ಮೀಟರ್ ಇದ್ದರೆ ಒಂದು ಪಟ್ಟಿಗೆ ಹೆಚ್ಚುಕಡಿಮೆ 150 ಮೀಟರ್ ಎತ್ತರ. ಅಂತರದ ಲೆಕ್ಕ 5 ಸೆಂ.ಮೀ. ತಪ್ಪಿತು ಅಂತಿಟ್ಟುಕೊಳ್ಳಿ: 250 ಕಿ.ಮೀ. ಅಗಲದ ಚಿತ್ರದಲ್ಲಿ ಅಂಚಿನಿಂದ ಅಂಚಿಗೆ ಸುಮಾರು ಅರ್ಧ ಪಟ್ಟಿಯಷ್ಟು ವಾಟ ಬರ್ತದೆ. ಅಂದರೆ ಹತ್ತಾರು ಮೀಟರಿನ ಸುಳ್ಳು ಇಳಿಜಾರು!

ಬಯಲುಸೀಮೆಯಲ್ಲಾದರೆ ಕೂಡಲೇ ಗೊತ್ತಾಗ್ತದೆ. ನಮ್ಮಲ್ಲಿ ನೆಲವೇ ಕಡಲಿಂದ ಘಟ್ಟಕ್ಕೆ ಏರುವುದು. ಉಪಗ್ರಹ ಹಾರುವುದು ಹೆಚ್ಚುಕಡಿಮೆ ಉತ್ತರ-ದಕ್ಷಿಣ, ಹಾಗಾಗಿ ಈ ವಾಟ ಮುಖ್ಯವಾಗಿ ಬೀಳುವುದು ಪೂರ್ವ-ಪಶ್ಚಿಮಕ್ಕೆ. ಸುಳ್ಳು ಏರು ನಿಜವಾದ ಏರಿನೊಳಗೇ ಸೇರಿಕೊಳ್ತದೆ. ಹಿಡಿಯುವುದು ಕಷ್ಟ.

2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ಕೋಲು ಚಾಚಿ, ಎರಡು ಆಂಟೆನಾದಿಂದ ಒಂದೇ ಹೊತ್ತಿಗೆ ಅಳೆದಿತ್ತು. ಅಲ್ಲಿಯೂ ಕೋಲು ಅಲ್ಲಾಡುವುದನ್ನು ಬೇರೆಯಾಗಿ ಅಳೆಯಲೇಬೇಕಾಯಿತು.

ಸೆಂಟಿನೆಲ್‌ನಲ್ಲಿ ಆ ಅಂತರ ಲೆಕ್ಕ ಹಾಕುವುದು ಕಕ್ಷೆಯ ಫೈಲಿನಿಂದ, ಅಂದರೆ ಉಪಗ್ರಹ ಯಾವ ಹೊತ್ತಿಗೆ ಎಲ್ಲಿತ್ತು ಅನ್ನುವ ಲೆಕ್ಕ. ಚಿತ್ರ ತೆಗೆದು ಕೆಲವೇ ಗಂಟೆಯಲ್ಲಿ ಸಿಗುವ ಫೈಲಿಗೆ 10 ಸೆಂ.ಮೀ. ನಿಖರತೆಯ ಗುರಿ. ಸುಮಾರು 20 ದಿನ ಕಾದರೆ 5 ಸೆಂ.ಮೀ.ನದ್ದು ಬರ್ತದೆ. ಸೆಂಟಿನೆಲ್ ಎಲ್ಲಿತ್ತು ಅಂತ ಲೆಕ್ಕ ಹಾಕುವುದು ಜಿಪಿಎಸ್‌ನಿಂದ, ಅಷ್ಟರೊಳಗೆ ಆ ಜಿಪಿಎಸ್ ಉಪಗ್ರಹಗಳದ್ದೇ ಅಂತಿಮ ಕಕ್ಷೆ, ಗಡಿಯಾರಗಳ ಲೆಕ್ಕ ಕೈಗೆ ಬಂದಿರ್ತದೆ. ಭೂಕಂಪದಂಥ ತುರ್ತಿಗೆ ಮೊದಲಿನದ್ದು ಸಾಕು. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ, ನಾನಂತೂ ಕಾಯ್ತೇನೆ.

ಕಕ್ಷೆ ಸರಿಯಾದರೂ ಮಳೆಗಾಲದ ತೇವದ ಗಾಳಿ ಅಲೆಯನ್ನು ತಡವಾಗಿಸ್ತದೆ. ಅಡಿಕೆ, ರಬ್ಬರ್ ತೋಟದಲ್ಲಿ ಎಲೆ ಅಲ್ಲಾಡಿ ಪಟ್ಟಿಗಳೇ ಕಲಸಿಹೋಗ್ತವೆ. ಈ ಮುರಕಲ್ಲಿನ ಬೋಳು ಪಾರೆ ಉಂಟಲ್ಲ, ಇದರ ಮೇಲೆ ಮಾತ್ರ ಚಂದ ನಿಲ್ತವೆ. ಹಾಗಾಗಿ ಬೇಸಗೆಯ ಚಿತ್ರಗಳನ್ನೇ ಆರಿಸಿದ್ದೇನೆ, ಕಕ್ಷೆಯ ಫೈಲು 20 ದಿನದ ನಂತರದ್ದೇ.