ಮಕ್ಕಳಿಲ್ಲದ ಕ್ಯಾರವಾನ್ ತಾಣ: ಕ್ಲಬ್ಬಿಗೆ ಬೇಕೇ, ಎಷ್ಟು ಬೇಕು?

ಕೇಳುಗರಿಗೆ ನಮಸ್ಕಾರ.

‘ವಯಸ್ಕರಿಗೆ ಮಾತ್ರ’ ಎಂಬ ಫಲಕ ಕಂಡರೆ ನಮ್ಮಲ್ಲಿ ಥಟ್ಟನೆ ನೆನಪಾಗುವುದು ಸಿನಿಮಾ ಮಂದಿರ. ಬ್ರಿಟನ್ನಿನ ಹಳ್ಳಿ ರಸ್ತೆಯ ಪಕ್ಕ, ಕ್ಯಾರವಾನ್ ತಾಣವೊಂದರ ಗೇಟಿನ ಮೇಲೆ ಅದೇ ಮಾತಿದ್ದರೆ ಅರ್ಥ ಬೇರೆ. ಮಕ್ಕಳನ್ನು ಕರೆದುಕೊಂಡು ಬಂದವರು ಇಲ್ಲಿ ರಾತ್ರಿ ತಂಗುವಂತಿಲ್ಲ ಎಂದಷ್ಟೇ. ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಚಕ್ರದ ಮನೆ. ಅದನ್ನು ನಿಲ್ಲಿಸಲು ಬಾಡಿಗೆಗೆ ಸಿಗುವ ಜಾಗಕ್ಕೆ ಪಿಚ್ ಎನ್ನುತ್ತಾರೆ. ಖಾಸಗಿ ಮಾಲೀಕರು ಇಂಥ ಮಕ್ಕಳಿಲ್ಲದ ತಾಣಗಳನ್ನು ಬಹಳ ಕಾಲದಿಂದ ನಡೆಸುತ್ತಿದ್ದಾರೆ. ಅವರ ಜಮೀನು, ಅವರ ವ್ಯಾಪಾರ. ಆದರೆ ಸದಸ್ಯರ ಚಂದಾ ಹಣದಿಂದ ಬೆಳೆದ ಕ್ಲಬ್ ಹಾಗೆ ಮಾಡಬಹುದೇ? ಇಂದಿನ ಮಾತು ಅದರ ಬಗ್ಗೆ.

ಬ್ರಿಟನ್ನಿನಲ್ಲಿ ದೊಡ್ಡ ಕ್ಲಬ್ಬುಗಳು ಎರಡು. ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ಬಿನ ಮೂಲ 1901ರಲ್ಲಿ ಸೈಕಲ್ ಮೇಲೆ ಡೇರೆ ಹೊತ್ತು ತಿರುಗುತ್ತಿದ್ದವರ ಸಂಘದಲ್ಲಿದೆ. ಇನ್ನೊಂದು 1907ರಲ್ಲಿ ಹುಟ್ಟಿದ ಕ್ಯಾರವಾನ್ ಕ್ಲಬ್; ಈಗ ಅದರ ಹೆಸರು ಕ್ಯಾರವಾನ್ ಅಂಡ್ ಮೋಟಾರ್‌ಹೋಮ್ ಕ್ಲಬ್. ಎರಡೂ ಕಡೆ ವಾರ್ಡನ್ ಇರುವ, ಸ್ನಾನಗೃಹ ಕಟ್ಟಿರುವ ದೊಡ್ಡ ತಾಣಗಳಿವೆ. ಅವುಗಳ ಜೊತೆಗೆ ರೈತರ ಹೊಲದಂಚಿನ ಪುಟ್ಟ ತಾಣಗಳೂ ಇವೆ. ಈ ದೊಡ್ಡದು, ಸಣ್ಣದು ಎಂಬ ಭೇದದಲ್ಲೇ ನಮ್ಮ ಪ್ರಶ್ನೆಗೆ ಉತ್ತರವೂ ಇದೆ. ಸಣ್ಣ ತಾಣಗಳಲ್ಲಿ ಮಕ್ಕಳಿಲ್ಲದ ವ್ಯವಸ್ಥೆ ಇರಲಿ, ಅದರಲ್ಲಿ ತಪ್ಪಿಲ್ಲ. ದೊಡ್ಡ ತಾಣವನ್ನು ಇಡಿಯಾಗಿ ಹಾಗೆ ಮಾಡುವುದು ಮಾತ್ರ ಸರಿಯಲ್ಲ.

ಮೊದಲು ಸಣ್ಣದನ್ನು ನೋಡೋಣ. 1960ರ ಕ್ಯಾರವಾನ್ ತಾಣಗಳ ಕಾಯ್ದೆ ಮಾನ್ಯತೆ ಪಡೆದ ಕ್ಲಬ್ಬುಗಳಿಗೆ ಒಂದು ವಿನಾಯಿತಿ ಕೊಟ್ಟಿದೆ. ಕ್ಲಬ್ ಪ್ರಮಾಣಪತ್ರ ಕೊಟ್ಟ ಜಾಗದಲ್ಲಿ, ಒಂದು ಸಲಕ್ಕೆ ಗರಿಷ್ಠ 5 ಕ್ಯಾರವಾನ್, ಸದಸ್ಯರಿಗೆ ಮಾತ್ರ. ಇದಕ್ಕೆ ಬೇರೆ ಪರವಾನಗಿ ಬೇಡ. ಒಂದು ನೀರಿನ ನಲ್ಲಿ, ಶೌಚದ ಕ್ಯಾಸೆಟ್ (ಕ್ಯಾರವಾನಿನ ಶೌಚದಿಂದ ಹೊರತೆಗೆಯುವ ತೊಟ್ಟಿ) ಖಾಲಿ ಮಾಡುವ ಜಾಗ, ಕಸದ ವ್ಯವಸ್ಥೆ ಇದ್ದರೆ ಸಾಕು; ವಿದ್ಯುತ್ ಸಂಪರ್ಕ ಎಷ್ಟೋ ಕಡೆ ಇರುವುದಿಲ್ಲ. ಆಟದ ಮೈದಾನದ ಪ್ರಶ್ನೆಯೇ ಇಲ್ಲ. ಪಕ್ಕದಲ್ಲೇ ಟ್ರ್ಯಾಕ್ಟರ್, ಗೊಬ್ಬರದ ಗುಂಡಿ, ವಿದ್ಯುತ್ ಬೇಲಿ. ಇಂಥ ಜಾಗದ ಒಡೆಯ ‘ಮಕ್ಕಳು ಬೇಡ’ ಎಂದರೆ ಅದು ಮಕ್ಕಳ ಮೇಲಿನ ಸಿಟ್ಟಿನಿಂದಲೇ ಬಂದ ಮಾತಾಗಬೇಕಿಲ್ಲ. ಅವಘಡದ ಹೆದರಿಕೆಯೂ ಇರುತ್ತದೆ. ಈಗಾಗಲೇ ಇಂಥ ಕೆಲವು ತಾಣಗಳು ವಯಸ್ಕರಿಗೆ ಮಾತ್ರ ಎಂದು ನಡೆಯುತ್ತಿವೆ. ಐದು ಪಿಚ್ಚಿನ ತಾಣ ಒಂದು ಮುಚ್ಚಿದರೆ ಕುಟುಂಬಗಳಿಗೆ ಐದೇ ಪಿಚ್ ಕಡಿಮೆ. ಸುತ್ತಮುತ್ತ ಬೇರೆ ತಾಣ ಸಿಗುತ್ತದೆ.

ನೂರು ಪಿಚ್ಚಿನ, ಕಡಲತೀರದ ತಾಣದ ಲೆಕ್ಕವೇ ಬೇರೆ. ಅದಕ್ಕೆ ಇಂಗ್ಲೆಂಡಿನ ಶಾಲಾ ಪಂಚಾಂಗ ಗೊತ್ತಿರಬೇಕು. ಅಲ್ಲಿ ಶಾಲೆ ವರ್ಷಕ್ಕೆ ಸುಮಾರು 39 ವಾರ, ರಜೆ 13 ವಾರ. ಅದರಲ್ಲಿ ಬೇಸಿಗೆಯ ಆರು ವಾರ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲವರೆಗೆ. ಉಳಿದದ್ದು ಕ್ರಿಸ್‌ಮಸ್, ಈಸ್ಟರ್, ಮತ್ತು ಅವಧಿಯ ನಡುವಿನ ಒಂದೊಂದು ವಾರ. 2013ರಿಂದ ಮುಖ್ಯೋಪಾಧ್ಯಾಯರು ಶಾಲೆಯ ದಿನಗಳಲ್ಲಿ ಪ್ರವಾಸಕ್ಕೆಂದು ರಜೆ ಕೊಡುವುದು ಹೆಚ್ಚುಕಡಿಮೆ ನಿಂತಿದೆ. ಅನುಮತಿ ಇಲ್ಲದೆ ಕರೆದೊಯ್ದರೆ ದಂಡ ಬೀಳಬಹುದು. 2024ರ ಆಗಸ್ಟ್‌ನಿಂದ ಅದು 21 ದಿನದೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ಅದೂ ಪ್ರತಿ ಮಗುವಿಗೆ, ಪ್ರತಿ ಪೋಷಕರಿಗೆ. ಇಬ್ಬರು ಮಕ್ಕಳಿರುವ ದಂಪತಿಗೆ ಕನಿಷ್ಠ 320 ಪೌಂಡ್. ಎಂದರೆ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಉಳಿದಿರುವುದು ಆ 13 ವಾರ ಮಾತ್ರ, ಅದರಲ್ಲೂ ಬಿಸಿಲಿರುವುದು ಏಳೆಂಟು ವಾರ. ಆ ಏಳೆಂಟು ವಾರದಲ್ಲಿ ನೂರು ಪಿಚ್ ಕಿತ್ತುಕೊಂಡರೆ ಅವರು ಹೋಗುವುದೆಲ್ಲಿಗೆ? ನಿವೃತ್ತ ದಂಪತಿಗೆ ಜೂನ್ ಇದೆ, ಸೆಪ್ಟೆಂಬರ್ ಇದೆ. ಆ ತಿಂಗಳುಗಳಲ್ಲಿ ಸೋಮವಾರದಿಂದ ಗುರುವಾರದವರೆಗೆ ತಾಣದಲ್ಲಿ ಶಾಲೆಯ ವಯಸ್ಸಿನ ಮಕ್ಕಳು ಕಾಣುವುದೇ ಅಪರೂಪ. ಇನ್ನೂ ಶಾಲೆಗೆ ಸೇರದ ಕಂದಮ್ಮಗಳಷ್ಟೇ.

ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಈ ಲೆಕ್ಕ ತಟ್ಟುತ್ತದೆ. ಊರಿನಿಂದ ಅಜ್ಜ ಅಜ್ಜಿ ಸಂದರ್ಶಕ ವೀಸಾದಲ್ಲಿ ಬಂದರೆ ಒಂದು ಸಲಕ್ಕೆ ಇರಬಹುದಾದದ್ದು ಆರು ತಿಂಗಳವರೆಗೆ. ಮೊಮ್ಮಕ್ಕಳ ಜೊತೆ ಹೊರಗೆ ಹೋಗಬಹುದಾದ ದಿನಗಳು ಅದೇ ಆಗಸ್ಟ್. ಮೂರು ತಲೆಮಾರು ಒಟ್ಟಿಗೆ ಬಂದಾಗ ಮಕ್ಕಳನ್ನು ಬಿಟ್ಟು ಉಳಿದವರು ಒಳಗೆ ಬನ್ನಿ ಎಂದರೆ ಯಾರೂ ಬರುವುದಿಲ್ಲ.

ಹಾಗೆಂದು ನಿಶ್ಶಬ್ದ ಕೇಳುವವರ ಕೋರಿಕೆಯನ್ನು ಹಗುರಾಗಿ ತಳ್ಳಿಹಾಕಬಾರದು. ಕ್ಯಾರವಾನಿನ ಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಹೊರಗೆ ತೆಳು ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಫೋಮ್, ಒಳಗೆ ಪ್ಲೈವುಡ್. ಒಟ್ಟು ದಪ್ಪ ಸುಮಾರು ಮೂರು ಸೆಂಟಿಮೀಟರ್. ಫೋಮ್ ಚಳಿಯನ್ನು ತಡೆಯುತ್ತದೆ, ಸದ್ದನ್ನು ತಡೆಯಲಾರದು. ಸದ್ದಿಗೆ ಬೇಕಾದದ್ದು ತೂಕ, ಅದು ಈ ಗೋಡೆಗಿಲ್ಲ. ಮುಂದೆ ಕಟ್ಟುವ ಆನಿಂಗ್ ಎಂಬ ಡೇರೆಯಂತೂ ಬರೀ ಬಟ್ಟೆ. ಎರಡು ಕ್ಯಾರವಾನ್‌ಗಳ ನಡುವೆ ಬೆಂಕಿಯ ಸುರಕ್ಷತೆಗಾಗಿ 6 ಮೀಟರ್ ಅಂತರ ಇಡುತ್ತಾರೆ. ಆ ಅಂತರವನ್ನು ಲೆಕ್ಕ ಹಾಕಿದವರ ಮನಸ್ಸಿನಲ್ಲಿದ್ದದ್ದು ಬೆಂಕಿ, ನಿದ್ದೆಯಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆರು ಮೀಟರ್ ಇದ್ದದ್ದು ಇಪ್ಪತ್ತನಾಲ್ಕಾದರೆ ಇಳಿಕೆ 12 ಡೆಸಿಬೆಲ್. ಕಿವಿಗೆ ಅದು ಅರ್ಧಕ್ಕಿಂತ ಕಡಿಮೆಯಾದಂತೆ ಕೇಳುತ್ತದೆ.

ಇಲ್ಲಿ ತಾಣದ ವಿನ್ಯಾಸ ಮಾಡುವವರು ಎಡವುವುದು ಬೇಲಿಗಿಡದಲ್ಲಿ. ಒಂದು ಮೀಟರ್ ಅಗಲದ ಹಸಿರು ಬೇಲಿ ನೋಟವನ್ನು ಮರೆಮಾಡುತ್ತದೆ, ಸದ್ದು ಎಲೆಗಳ ನಡುವೆ ನುಸುಳಿ ಬರುತ್ತದೆ. ಅದೇ ಜಾಗದಲ್ಲಿ ಮಣ್ಣಿನ ದಿಬ್ಬ ಹಾಕಿ, ಸದ್ದಿನ ಮೂಲಕ್ಕೂ ಕಿವಿಗೂ ನಡುವಿನ ನೇರ ಗೆರೆ ಕಡಿದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ದಿಬ್ಬದ ಮೇಲೆ ಬೇಲಿಗಿಡ ನೆಟ್ಟರೆ ನೋಟಕ್ಕೂ ಆಯಿತು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಾತ್ರಿ ಹನ್ನೊಂದರ ನಂತರದ ಸದ್ದು ಬಹುಮಟ್ಟಿಗೆ ದೊಡ್ಡವರದು. ಆನಿಂಗ್ ಕೆಳಗೆ ಕೂತು ಗ್ಲಾಸು ಹಿಡಿದು ನಡೆಸುವ ಮಾತು, ನಗು, ಟಿವಿ, ಬಿಟ್ಟುಹೋದಾಗ ಬೊಗಳುವ ನಾಯಿ. ಮಕ್ಕಳ ಗಲಾಟೆ ಬೆಳಿಗ್ಗೆ ಏಳಕ್ಕೆ ಶುರು, ಸಂಜೆ ಒಂಬತ್ತಕ್ಕೆ ಮುಗಿತಾಯ. ಹಾಗಾಗಿ ವಯಸ್ಸಿನ ಗೆರೆ ಎಳೆದ ಮಾತ್ರಕ್ಕೆ ರಾತ್ರಿ ಶಾಂತವಾಗುವುದಿಲ್ಲ. ಅದಕ್ಕೆ ಬೇಕಾದದ್ದು ರಾತ್ರಿ ಒಂದು ಸುತ್ತು ಹೋಗಿ ಮೆಲ್ಲಗೆ ಬಾಗಿಲು ತಟ್ಟುವ ವಾರ್ಡನ್, ಮತ್ತು ಧಡಾರನೆ ಬಡಿಯದಂತೆ ಸ್ನಾನಗೃಹದ ಬಾಗಿಲುಗಳಿಗೆ ಹಾಕುವ ಕ್ಲೋಸರ್. ತಾಣದ ಸದ್ದಿನಲ್ಲಿ ಆ ಬಾಗಿಲುಗಳ ಪಾಲು ದೊಡ್ಡದು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ದೊಡ್ಡ ತಾಣದಲ್ಲಿ ಏನು ಮಾಡಬಹುದು? ನೂರು ಪಿಚ್ಚಿನಲ್ಲಿ ಹದಿನೈದರಿಂದ ಇಪ್ಪತ್ತನ್ನು ಒಂದು ಕೊನೆಯ ಸುತ್ತುರಸ್ತೆಯಲ್ಲಿ ಬೇರೆ ಮಾಡಿ, ಅಲ್ಲಿ ಮಕ್ಕಳನ್ನು ಕರೆತರದವರಿಗೆ ಜಾಗ ಕೊಡುವುದು. ಅದನ್ನು ಶಾಂತ ಸುತ್ತು ಎನ್ನೋಣ. ಸುತ್ತು ಆರಿಸುವಾಗ ಎರಡು ಸಂಗತಿ ನೋಡಬೇಕು. ಕಡಲಿಗೆ ಹೋಗುವ ಕಾಲುದಾರಿ ಅದರ ನಡುವೆ ಹಾಯಬಾರದು. ಹಾಯ್ದರೆ ದಿನವಿಡೀ ಸೈಕಲ್ ಗಂಟೆ ಕೇಳುತ್ತದೆ, ಫಲಕಕ್ಕೆ ಬೆಲೆ ಇರುವುದಿಲ್ಲ. ಅತಿ ಚೆಂದದ ನೋಟದ ಪಿಚ್‌ಗಳನ್ನೂ ಅದಕ್ಕೆ ಸೇರಿಸಬಾರದು. ಹಾಗೆ ಮಾಡಿದ ದಿನವೇ ಕುಟುಂಬದವರು ತಾವು ಎರಡನೇ ದರ್ಜೆಯ ಸದಸ್ಯರು ಎಂದುಕೊಳ್ಳುತ್ತಾರೆ, ಅದು ನ್ಯಾಯವೂ ಹೌದು.

ಬುಕಿಂಗ್ ವ್ಯವಸ್ಥೆ ಬದಲಾಗದಿದ್ದರೆ ಇದಾವುದೂ ನಡೆಯುವುದಿಲ್ಲ. ಬಂದವರು ಖಾಲಿ ಇರುವ ಪಿಚ್ ನೋಡಿ ತಾವೇ ಆರಿಸಿಕೊಳ್ಳುವುದು ಎಷ್ಟೋ ಕ್ಲಬ್ ತಾಣಗಳ ಹಳೆಯ ರೂಢಿ. ಶಾಂತ ಸುತ್ತನ್ನು ಹಾಗೆ ಬಿಟ್ಟರೆ ಮೊದಲ ಶುಕ್ರವಾರವೇ ಜಗಳ. ಅದನ್ನು ಪ್ರತ್ಯೇಕ ಪಿಚ್ ಬಗೆಯಾಗಿ ಮಾರಬೇಕು, ಬುಕ್ ಮಾಡುವಾಗಲೇ ಪ್ರತಿಯೊಬ್ಬರ ವಯಸ್ಸು ಕೇಳಬೇಕು. ಗೆರೆ ಹದಿನಾರೋ ಹದಿನೆಂಟೋ ಇಪ್ಪತ್ತೊಂದೋ, ಖಾಸಗಿ ತಾಣಗಳಲ್ಲಿ ಒಂದೊಂದು ಕಡೆ ಒಂದೊಂದು. ಕ್ಲಬ್ಬಿಗೆ ಹದಿನೆಂಟೇ ಸರಿ, ಕಾನೂನಿನ ಗೆರೆಯೂ ಅಲ್ಲೇ ಇದೆ. ಹಗಲಿನಲ್ಲಿ ನೋಡಲು ಬರುವ ಮೊಮ್ಮಗುವಿನ ವಿಚಾರವನ್ನೂ ಬರೆದಿಡಬೇಕು: ಇಂತಿಷ್ಟು ಗಂಟೆಯವರೆಗೆ ಬರಬಹುದು, ರಾತ್ರಿ ಇರುವಂತಿಲ್ಲ. ಬರೆಯದೆ ಬಿಟ್ಟರೆ ಒಬ್ಬ ವಾರ್ಡನ್ ಬಿಡುತ್ತಾನೆ, ಮುಂದಿನ ವಾರದವನು ತಡೆಯುತ್ತಾನೆ.

ಕಾನೂನಿನ ಮಾತು ಬಂತು. 2010ರ ಸಮಾನತಾ ಕಾಯ್ದೆಯಡಿ ಸೇವೆಗಳಲ್ಲಿ ವಯಸ್ಸಿನ ತಾರತಮ್ಯ ಮಾಡಬಾರದೆಂಬ ನಿಯಮ 2012ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದು ಹದಿನೆಂಟು ತುಂಬಿದವರಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಖಾಸಗಿ ತಾಣಗಳು ನಿಂತಿರುವುದು ಈ ನೆಲದ ಮೇಲೆ. ಆದರೆ ಹೆರಿಗೆಯಾದ 26 ವಾರದೊಳಗಿನ ತಾಯಿಗೆ ಅದೇ ಕಾಯ್ದೆಯಲ್ಲಿ ಬೇರೆ ರಕ್ಷಣೆ ಇದೆ, ಹಾಲೂಡಿಸುವುದೂ ಅದರೊಳಗೆ ಬರುತ್ತದೆ. ಸದಸ್ಯತ್ವದ ಸಂಘಗಳಿಗೆಂದೇ ಪ್ರತ್ಯೇಕ ಭಾಗವೂ ಇದೆ. ಆದ್ದರಿಂದ ಕ್ಲಬ್ ಖಾಸಗಿಯವರನ್ನು ನೋಡಿ ನಕಲು ಮಾಡದೆ, ವಕೀಲರ ಲಿಖಿತ ಅಭಿಪ್ರಾಯ ಪಡೆದೇ ಫಲಕ ಹಾಕಬೇಕು.

ಅತಿ ಕೆಟ್ಟ ಗಳಿಗೆ ಬರುವುದು ಗೇಟಿನಲ್ಲಿ. ರಾತ್ರಿ ಎಂಟೂವರೆ, ಮಳೆ, ಐದು ಗಂಟೆ ಗಾಡಿ ಎಳೆದು ಬಂದ ಕುಟುಂಬ, ಹಿಂದಿನ ಸೀಟಿನಲ್ಲಿ ಬುಕಿಂಗಿನಲ್ಲಿ ಹೇಳದ ಮಗು. ಅವರನ್ನು ಕತ್ತಲಲ್ಲಿ ಕ್ಯಾರವಾನ್ ಹಿಂದಿರುಗಿಸಿಕೊಂಡು ಹೋಗಿ ಎನ್ನುವುದು ಅಪಾಯ. ಅದಕ್ಕೆ ಮುಂಚೆಯೇ ತಯಾರಿ ಬೇಕು. ಮೂರು ದಿನ ಮೊದಲು ಫೋನಿಗೆ ನೆನಪಿನ ಸಂದೇಶ; ಶಾಂತ ಸುತ್ತಿನ ಹೊರಗೆ, ಗೇಟಿನ ಹತ್ತಿರ, ತಡವಾಗಿ ಬಂದವರಿಗೆಂದು ಖಾಲಿ ಇಟ್ಟ ಎರಡು ಪಿಚ್; ಬೆಳಿಗ್ಗೆ ಹೋಗಲು ಹತ್ತಿರದ ಕುಟುಂಬ ತಾಣದ ದೂರವಾಣಿ ಸಂಖ್ಯೆ ವಾರ್ಡನ್ ಮೇಜಿನ ಮೇಲೆ.

ಆಗಸ್ಟ್‌ನಲ್ಲಿ ಶಾಂತ ಸುತ್ತು ಅರ್ಧ ಖಾಲಿ, ಇತ್ತ ಕುಟುಂಬಗಳಿಗೆ ಜಾಗವಿಲ್ಲ ಎಂಬ ಸ್ಥಿತಿಯೂ ಬರಬಹುದು. ಆಗ ಕೊನೆಗಳಿಗೆಯಲ್ಲಿ ಸುತ್ತನ್ನು ಎಲ್ಲರಿಗೂ ತೆರೆದರೆ, ಮಾತು ನಂಬಿ ಬಂದವರಿಗೆ ಮೋಸ. ಆ ವರ್ಷ ಹಾಗೇ ನಡೆಸಿ, ಮುಂದಿನ ವರ್ಷದ ಬುಕಿಂಗ್ ತೆರೆಯುವ ಮುನ್ನ ಇಪ್ಪತ್ತನ್ನು ಹನ್ನೆರಡಕ್ಕೆ ಇಳಿಸಬೇಕು. ಎರಡು ಋತು ಮುಗಿಯುವವರೆಗೆ ಮೂರು ಲೆಕ್ಕ ಇಟ್ಟರೆ ಸಾಕು: ಶಾಲೆಯ ದಿನಗಳಲ್ಲಿ ಮತ್ತು ರಜೆಯಲ್ಲಿ ಸುತ್ತು ತುಂಬಿದ ರಾತ್ರಿಗಳು, ಯಾವ ಗಂಟೆಗೆ ಯಾವ ಸದ್ದಿನ ದೂರು ಬಂತು ಎಂಬ ಪುಸ್ತಕ, ಮತ್ತು ಜಾಗವಿಲ್ಲವೆಂದು ವಾಪಸ್ ಕಳಿಸಿದ ಕುಟುಂಬಗಳ ಸಂಖ್ಯೆ. ಈ ಮೂರನೆಯದನ್ನು ಬುಕಿಂಗ್ ಕಂಪ್ಯೂಟರ್ ತಾನಾಗಿ ಬರೆದಿಡುವುದಿಲ್ಲ. ಕೇಳಿ, ಸಿಗದೆ ಹೋದವರನ್ನು ಗುರುತಿಟ್ಟುಕೊಳ್ಳುವಂತೆ ಮೊದಲ ದಿನವೇ ಅದನ್ನು ಹೊಂದಿಸಬೇಕು.

ನಮಸ್ಕಾರ.